ಕಂಪ್ಯೂಟರಿನ ಧ್ವನಿಯಲ್ಲಿ ಸೇರಿಕೊಳ್ಳುವ ಗುಂಯ್ ಸದ್ದು: ಅದು ಬರುವ ದಾರಿ ಯಾವುದು, ತಡೆಯುವ ಬಗೆ ಹೇಗೆ

ಮೈಸೂರಿನ ಸರಸ್ವತಿಪುರಂ, ಕುವೆಂಪುನಗರಗಳಂಥ ಬಡಾವಣೆಗಳಲ್ಲಿ ಮನೆಯಲ್ಲೇ ಕುಳಿತು ದೂರದ ಶಿಷ್ಯರಿಗೆ ಸಂಗೀತ ಹೇಳಿಕೊಡುವವರು, ಮಂಡ್ಯದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗಳ ಪಾಠಗಳನ್ನು ಧ್ವನಿಮುದ್ರಿಸಿ ಹಂಚುವವರು, ಮದುವೆಯ ವಿಡಿಯೊಗಳನ್ನು ಎಡಿಟ್ ಮಾಡಿಕೊಡುವವರು ಇಂದು ಸಾಮಾನ್ಯ ಡೆಸ್ಕ್‌ಟಾಪ್ ಕಂಪ್ಯೂಟರನ್ನೇ ಸ್ಟುಡಿಯೊ ಮಾಡಿಕೊಂಡಿದ್ದಾರೆ. ಲೆಕ್ಕ ಬರೆಯುವುದಕ್ಕೋ ಅರ್ಜಿ ಟೈಪ್ ಮಾಡುವುದಕ್ಕೋ ಅದೇ ಯಂತ್ರವನ್ನು ಬಳಸುತ್ತಿದ್ದಾಗ ಯಾರ ಗಮನಕ್ಕೂ ಬಾರದಿದ್ದ ದೋಷವೊಂದು ಈಗ ಹೆಡ್‌ಫೋನ್ ಹಾಕಿಕೊಂಡ ಕೂಡಲೇ ಎದ್ದು ಕೇಳಿಸುತ್ತದೆ. ಹಾಡು ನಿಂತ ಮೇಲೂ ಸ್ಪೀಕರಿನಲ್ಲಿ ಸಣ್ಣಗೆ ಗುಂಯ್‌ಗುಟ್ಟುವುದು ನಿಲ್ಲುವುದಿಲ್ಲ. ಮೌಸ್ ಸರಿಸಿದರೆ ಕೀರಲು ಸದ್ದು ಬರುತ್ತದೆ. ಭಾರವಾದ ಆಟವನ್ನೋ ಎಡಿಟಿಂಗ್ ತಂತ್ರಾಂಶವನ್ನೋ ತೆರೆದರೆ ಆ ಕೀರಲಿನ ಸ್ವರವೇ ಬದಲಾಗುತ್ತದೆ. ಸ್ಪೀಕರ್ ಕೆಟ್ಟಿದೆಯೆಂದು ಹೊಸದನ್ನು ತಂದವರಿಗೆ ಅದರಲ್ಲೂ ಅದೇ ಸದ್ದು ಕೇಳಿಸುವುದುಂಟು, ಏಕೆಂದರೆ ಬಹುಪಾಲು ಸಂದರ್ಭಗಳಲ್ಲಿ ದೋಷವಿರುವುದು ಸ್ಪೀಕರಿನಲ್ಲಲ್ಲ, ಅದಕ್ಕೆ ಬಂದು ಸೇರುವ ವಿದ್ಯುತ್ತಿನ ದಾರಿಯಲ್ಲಿ. ಆ ದಾರಿಯನ್ನು ಅರ್ಥ ಮಾಡಿಕೊಂಡರೆ ಪರಿಹಾರವನ್ನು ಬಹುಮಟ್ಟಿಗೆ ಖರ್ಚಿಲ್ಲದೆಯೇ ಕಂಡುಕೊಳ್ಳಬಹುದು.

ಎಲ್ಲಿಯವರೆಗೆ ಸಂಖ್ಯೆ, ಎಲ್ಲಿಂದ ವೋಲ್ಟೇಜ್

ಕಂಪ್ಯೂಟರಿನಲ್ಲಿರುವ ಹಾಡು ಮೂಲತಃ ಸಂಖ್ಯೆಗಳ ಒಂದು ಉದ್ದನೆಯ ಸಾಲು. ಸಿಡಿಯ ಗುಣಮಟ್ಟದ ಧ್ವನಿಯಲ್ಲಿ ಪ್ರತಿ ಸೆಕೆಂಡಿಗೆ 44,100 ಸಂಖ್ಯೆಗಳಿರುತ್ತವೆ (ಸ್ಟೀರಿಯೊ ಆದರೆ ಎರಡು ಪಾಲಿಗೂ ಪ್ರತ್ಯೇಕವಾಗಿ ಅಷ್ಟಷ್ಟು), ಮತ್ತು 16 ಬಿಟ್ಟಿನ ಪ್ರತಿಯೊಂದು ಸಂಖ್ಯೆಯೂ 65,536 ಮಟ್ಟಗಳಲ್ಲಿ ಯಾವುದಾದರೂ ಒಂದನ್ನು ಸೂಚಿಸುತ್ತದೆ. ಈ ಸಂಖ್ಯೆಗಳು ಹಾರ್ಡ್ ಡಿಸ್ಕಿನಿಂದ ಮೆಮೊರಿಗೆ, ಅಲ್ಲಿಂದ ಪ್ರೊಸೆಸರಿಗೆ ಓಡಾಡುವಾಗ ಸುತ್ತಲಿನ ಗದ್ದಲದಿಂದ ಅವುಗಳಿಗೆ ಬಾಧೆಯಿಲ್ಲ. ಸೊನ್ನೆ ಮತ್ತು ಒಂದು ಎಂಬ ಎರಡೇ ಸ್ಥಿತಿಗಳ ನಡುವೆ ಸಾಕಷ್ಟು ಅಂತರವಿರುವುದರಿಂದ ವೋಲ್ಟೇಜ್ ಸ್ವಲ್ಪ ಅಲುಗಿದರೂ ಸೊನ್ನೆ ಸೊನ್ನೆಯಾಗಿಯೇ, ಒಂದು ಒಂದಾಗಿಯೇ ಉಳಿಯುತ್ತದೆ.

ಕಷ್ಟ ಆರಂಭವಾಗುವುದು ಡ್ಯಾಕ್ ಎಂಬ ಭಾಗದಲ್ಲಿ. ಸಂಖ್ಯೆಗಳ ಸಾಲನ್ನು ಏರಿಳಿಯುವ ವೋಲ್ಟೇಜಿಗೆ ಪರಿವರ್ತಿಸುವ ಈ ಮಂಡಲವು ಮದರ್‌ಬೋರ್ಡಿನ ಮೂಲೆಯೊಂದರಲ್ಲಿರುವ ಸಣ್ಣ ಆಡಿಯೊ ಚಿಪ್ಪಿನೊಳಗೆ ಇರುತ್ತದೆ. ಅಲ್ಲಿಂದಾಚೆಗೆ ಧ್ವನಿ ಎಂದರೆ ವೋಲ್ಟೇಜ್, ವೋಲ್ಟೇಜ್ ಎಂದರೆ ಧ್ವನಿ. ಅದಕ್ಕೆ ಹೊರಗಿನಿಂದ ಬಂದು ಕೂಡಿಕೊಂಡ ಪ್ರತಿಯೊಂದು ಅಲುಗಾಟವೂ ಸದ್ದಾಗಿಯೇ ಹೊರಬೀಳುತ್ತದೆ. ಹಿಂಬದಿಯ ಹಸಿರು ಜ್ಯಾಕಿನಿಂದ ಹೆಚ್ಚೆಂದರೆ ಸುಮಾರು 1 ವೋಲ್ಟ್ (ಇದು ಆರ್‌ಎಂಎಸ್ ಎಂಬ ಒಂದು ಬಗೆಯ ಸರಾಸರಿ ಅಳತೆ; ಏರಿಳಿತದ ತುದಿಯಿಂದ ತುದಿಗೆ ಸುಮಾರು 2.8 ವೋಲ್ಟ್) ಹೊರಡುತ್ತದೆ ಎಂದಿಟ್ಟುಕೊಂಡರೆ, 65,536 ಮಟ್ಟಗಳಲ್ಲಿ ಒಂದರಿಂದ ಇನ್ನೊಂದಕ್ಕಿರುವ ಅಂತರ ಸುಮಾರು 43 ಮೈಕ್ರೋವೋಲ್ಟ್, ಅಂದರೆ ಒಂದು ವೋಲ್ಟಿನ ಹತ್ತು ಲಕ್ಷ ಭಾಗಗಳಲ್ಲಿ 43 ಭಾಗ ಮಾತ್ರ. ಇಷ್ಟು ನವಿರಾದ ಅಂತರಗಳನ್ನು ಕಾಪಾಡಿಕೊಳ್ಳಬೇಕಾದ ಮಂಡಲವೊಂದು, ಹತ್ತಾರು ಆಂಪಿಯರ್ ವಿದ್ಯುತ್ತನ್ನು ಕ್ಷಣಕ್ಷಣಕ್ಕೂ ಏರಿಸಿ ಇಳಿಸುವ ಪ್ರೊಸೆಸರಿನ ಜೊತೆ ಒಂದೇ ಬೋರ್ಡಿನ ಮೇಲೆ ಇರಬೇಕಾಗಿದೆ. ಮುಂದಿನ ಸಂಗತಿಗಳೆಲ್ಲ ಈ ನೆರೆಹೊರೆಯಿಂದಲೇ ಹುಟ್ಟುತ್ತವೆ.

ಅಡಚಣೆ ಹುಟ್ಟುವ ಬಗೆ

ವಿದ್ಯುತ್ ಹರಿಯುವ ತಂತಿಯ ಸುತ್ತ ಕಾಂತಕ್ಷೇತ್ರವಿರುತ್ತದೆ ಎಂಬುದನ್ನು ಡೆನ್ಮಾರ್ಕಿನ ಅರ್ಸ್ಟೆಡ್ 1820ರಲ್ಲಿ ತೋರಿಸಿದರು. ಆ ಕಾಂತಕ್ಷೇತ್ರ ಬದಲಾಗುತ್ತಿದ್ದರೆ ಪಕ್ಕದ ತಂತಿಯಲ್ಲಿ ತಾನಾಗಿಯೇ ವೋಲ್ಟೇಜ್ ಹುಟ್ಟುತ್ತದೆ ಎಂಬುದನ್ನು ಇಂಗ್ಲೆಂಡಿನ ಫ್ಯಾರಡೆ 1831ರಲ್ಲಿ ಕಂಡುಕೊಂಡರು. ಒಂದು ಉಪಕರಣದಲ್ಲಿ ಬದಲಾಗುವ ವಿದ್ಯುತ್ತು ಇನ್ನೊಂದರಲ್ಲಿ ಬೇಡದ ವೋಲ್ಟೇಜನ್ನು ಹುಟ್ಟಿಸುವುದೇ ವಿದ್ಯುತ್ಕಾಂತೀಯ ಅಡಚಣೆ. ಅದು ಗಾಳಿಯ ಮೂಲಕವೂ ಬರಬಹುದು, ತಂತಿಯ ಮೂಲಕವೂ ಬರಬಹುದು. 1935ರಲ್ಲಿ ಪ್ರೊ. ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಿಂದ ಆಕಾಶವಾಣಿಯನ್ನು ಬಿತ್ತರಿಸಿದಾಗ ಬಳಸಿಕೊಂಡದ್ದೂ ಇದೇ ಭೌತನಿಯಮವನ್ನೇ. ವ್ಯತ್ಯಾಸವೆಂದರೆ, ಅವರು ಉದ್ದೇಶಪೂರ್ವಕವಾಗಿ ಮಾಡಿದ್ದನ್ನು ಕಂಪ್ಯೂಟರ್ ಯಾರೂ ಕೇಳದಿದ್ದರೂ ಮಾಡುತ್ತದೆ.

ಇದನ್ನು ಕಿವಿಯಾರೆ ಕೇಳಬೇಕೆಂದಿರುವವರು ಮನೆಯಲ್ಲಿ ಹಳೆಯ ಟ್ರಾನ್ಸಿಸ್ಟರ್ ರೇಡಿಯೊ ಇದ್ದರೆ ಅದನ್ನು ಮೀಡಿಯಂ ವೇವ್‌ಗೆ ತಿರುಗಿಸಿ, ಯಾವ ನಿಲಯವೂ ಸಿಗದ ಜಾಗದಲ್ಲಿ ಮುಳ್ಳನ್ನು ನಿಲ್ಲಿಸಿ, ಓಡುತ್ತಿರುವ ಸಿಪಿಯು ಪೆಟ್ಟಿಗೆಯ ಬಳಿಗೆ ಒಯ್ಯಬಹುದು. ಚರಚರ ಸದ್ದು ಹತ್ತಿರ ಹೋದಂತೆಲ್ಲ ಜೋರಾಗುತ್ತದೆ. ಒಂದೆರಡು ಅಡಿ ದೂರ ಸರಿದರೆ ಗಣನೀಯವಾಗಿ ಇಳಿಯುತ್ತದೆ. ಹತ್ತಿರದ ಕ್ಷೇತ್ರಗಳು ದೂರದೊಂದಿಗೆ ಬಹಳ ಬೇಗ ದುರ್ಬಲವಾಗುತ್ತವೆ ಎಂಬುದನ್ನು ಈ ಪ್ರಯೋಗಕ್ಕಿಂತ ಚೆನ್ನಾಗಿ ತೋರಿಸುವುದು ಕಷ್ಟ.

ಪೆಟ್ಟಿಗೆಯೊಳಗೆ ಗದ್ದಲ ಮಾಡುವ ಭಾಗಗಳು ಮುಖ್ಯವಾಗಿ ಮೂರು. ಗೋಡೆಯಿಂದ ಬರುವ 230 ವೋಲ್ಟನ್ನು 12, 5 ಮತ್ತು 3.3 ವೋಲ್ಟುಗಳಿಗೆ ಇಳಿಸುವ ಎಸ್‌ಎಂಪಿಎಸ್ ಮೊದಲನೆಯದು; ಅದು ವಿದ್ಯುತ್ತನ್ನು ಸೆಕೆಂಡಿಗೆ ಹತ್ತಾರು ಸಾವಿರದಿಂದ ಲಕ್ಷಕ್ಕೂ ಹೆಚ್ಚು ಬಾರಿ ಕಡಿದು ಜೋಡಿಸುವ ಮೂಲಕ ಕೆಲಸ ಮಾಡುತ್ತದೆ. ಆ 12 ವೋಲ್ಟನ್ನು ಪ್ರೊಸೆಸರಿಗೆ ಬೇಕಾದ ಒಂದು ವೋಲ್ಟಿನ ಆಸುಪಾಸಿಗೆ ತರುವ ಮದರ್‌ಬೋರ್ಡಿನ ಮಂಡಲ ಎರಡನೆಯದು, ಗ್ರಾಫಿಕ್ಸ್ ಕಾರ್ಡಿನ ಮೇಲಿರುವ ಅಂಥದೇ ಮಂಡಲ ಮೂರನೆಯದು. ಮನುಷ್ಯನ ಕಿವಿ ಕೇಳುವುದು ಸುಮಾರು 20 ಹರ್ಟ್ಸ್‌ನಿಂದ (ಅಂದರೆ ಸೆಕೆಂಡಿಗೆ 20 ಕಂಪನಗಳಿಂದ) 20,000 ಹರ್ಟ್ಸ್‌ವರೆಗೆ ಮಾತ್ರವಾದ್ದರಿಂದ, ಲಕ್ಷ ಹರ್ಟ್ಸ್‌ನ ಈ ಕಡಿತ ನಮಗೆ ನೇರವಾಗಿ ಕೇಳಿಸದು. ಆದರೆ ಪ್ರೊಸೆಸರ್ ಒಮ್ಮೆ ಎಚ್ಚರವಾಗಿ ಒಮ್ಮೆ ನಿದ್ರಿಸುವುದು, ಗ್ರಾಫಿಕ್ಸ್ ಕಾರ್ಡ್ ಸೆಕೆಂಡಿಗೆ ನೂರಾರು ಚಿತ್ರಗಳನ್ನು ಬಿಡಿಸುವುದು, ಯುಎಸ್‌ಬಿ ಮಂಡಲ ಸೆಕೆಂಡಿಗೆ 125 ಅಥವಾ 1,000 ಬಾರಿ ಮೌಸನ್ನು ವಿಚಾರಿಸುವುದು, ಇವೆಲ್ಲ ಕಿವಿಯ ವ್ಯಾಪ್ತಿಯೊಳಗೇ ಬೀಳುವ ಲಯಗಳು. ಕೆಲಸ ಹೆಚ್ಚು ಕಡಿಮೆಯಾದಂತೆ ವಿದ್ಯುತ್ ಬಳಕೆಯೂ ಅದೇ ಲಯದಲ್ಲಿ ಏರಿಳಿಯುತ್ತದೆ. ಮೌಸ್ ಸರಿಸಿದಾಗ ಕೀರಲು ಹುಟ್ಟುವುದಕ್ಕೆ ಕಾರಣ ಇದು.

ಅಡಚಣೆಯ ಮೇಲೆ ಸರ್ಕಾರಿ ಕಟ್ಟುಪಾಡುಗಳಿಲ್ಲವೇ ಎಂದು ಕೇಳಬಹುದು. ಇವೆ; ಆದರೆ ಸಿಸ್ಪರ್ 32 ಎಂಬ ಅಂತರರಾಷ್ಟ್ರೀಯ ಮಾನದಂಡವು ವಿದ್ಯುತ್ ತಂತಿಯ ಮೂಲಕ ಹೊರಬೀಳುವ ಅಡಚಣೆಗೆ ಮಿತಿ ಹಾಕುವುದು 1,50,000 ಹರ್ಟ್ಸ್‌ನಿಂದ ಮೇಲಕ್ಕೆ. ಪಕ್ಕದ ಮನೆಯ ರೇಡಿಯೊಗೆ ತೊಂದರೆಯಾಗಬಾರದು ಎಂಬುದು ಅದರ ಕಾಳಜಿಯೇ ಹೊರತು, ನಮ್ಮದೇ ಪೆಟ್ಟಿಗೆಯೊಳಗಿನ ಆಡಿಯೊ ಚಿಪ್ಪಿಗೆ ಏನಾಗುತ್ತದೆ ಎಂಬುದಲ್ಲ.

ಗ್ರೌಂಡ್ ಎಂಬ ಹಂಚಿಕೆಯ ದಾರಿ

ಗದ್ದಲ ಗಾಳಿಯಲ್ಲಿ ಹಾರಿಬಂದು ಆಡಿಯೊ ಚಿಪ್ಪಿಗೆ ಬಡಿಯುತ್ತದೆ ಎಂಬುದು ಜನರಲ್ಲಿರುವ ಸಾಮಾನ್ಯ ಕಲ್ಪನೆ. ಆಡಿಯೊ ಭಾಗದ ಮೇಲೆ ಲೋಹದ ಮುಚ್ಚಳ ಹಾಕಿ ಅದನ್ನೇ ದೊಡ್ಡದಾಗಿ ಜಾಹೀರು ಮಾಡುವ ಮದರ್‌ಬೋರ್ಡುಗಳೂ ಈ ಕಲ್ಪನೆಗೆ ನೀರೆರೆದಿವೆ. ಅದರಿಂದ ಪ್ರಯೋಜನವಿಲ್ಲವೆಂದಲ್ಲ, ಆದರೆ ಬಹುತೇಕ ಡೆಸ್ಕ್‌ಟಾಪ್‌ಗಳಲ್ಲಿ ಕೇಳಿಸುವ ಸದ್ದಿನ ದೊಡ್ಡ ಪಾಲು ಬರುವುದು ತಾಮ್ರದ ಹಾದಿಯಲ್ಲೇ, ಅದರಲ್ಲೂ ಎಲ್ಲ ಭಾಗಗಳೂ ಹಂಚಿಕೊಂಡಿರುವ ಗ್ರೌಂಡ್ ಎಂಬ ಹಾದಿಯಲ್ಲಿ.

ವಿದ್ಯುತ್ತು ಒಂದು ಭಾಗಕ್ಕೆ ಹೋದರೆ ಸಾಲದು, ಹಿಂದಿರುಗಿ ಬರಲೂ ಬೇಕು. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್, ಆಡಿಯೊ ಚಿಪ್, ಯುಎಸ್‌ಬಿ ಎಲ್ಲವುಗಳ ವಿದ್ಯುತ್ತೂ ಹಿಂದಿರುಗುವುದು ಮದರ್‌ಬೋರ್ಡಿನ ತಾಮ್ರದ ಪದರದ ಮೂಲಕ. ಅದನ್ನೇ ಸೊನ್ನೆ ವೋಲ್ಟ್ ಎಂದು ಭಾವಿಸಿ ಉಳಿದ ವೋಲ್ಟೇಜುಗಳನ್ನು ಅಳೆಯಲಾಗುತ್ತದೆ. ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ ಹಲವು ಗದ್ದೆಗಳಿಗೆ ಒಂದೇ ಬಸಿಗಾಲುವೆ ಇರುವುದನ್ನು ಮಂಡ್ಯದವರು ಬಲ್ಲರು. ಮೇಲಿನ ದೊಡ್ಡ ಗದ್ದೆಯವನು ಒಮ್ಮೆಲೇ ನೀರು ಬಿಟ್ಟರೆ ಬಸಿಗಾಲುವೆಯ ಮಟ್ಟ ಏರುತ್ತದೆ; ಆ ಕಾಲುವೆಯ ನೀರನ್ನೇ ಸೊನ್ನೆ ಎಂದಿಟ್ಟುಕೊಂಡು ಕೆಳಗಿನ ಸಣ್ಣ ಮಡಿಯ ನೀರಿನ ಎತ್ತರವನ್ನು ಅಳೆಯುವವನಿಗೆ, ಮಡಿಯಲ್ಲಿ ಏನೂ ಬದಲಾಗದಿದ್ದರೂ ಅಳತೆ ತಪ್ಪುತ್ತದೆ. ಪ್ರೊಸೆಸರ್ ಆ ದೊಡ್ಡ ಗದ್ದೆ, ಆಡಿಯೊ ಚಿಪ್ ಆ ಸಣ್ಣ ಮಡಿ.

ಲೆಕ್ಕ ಹಾಕಿ ನೋಡಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಆಡಿಯೊ ಜ್ಯಾಕಿನ ಗ್ರೌಂಡಿಗೂ ಬೋರ್ಡಿನ ಮುಖ್ಯ ಗ್ರೌಂಡಿಗೂ ನಡುವೆ ಓಮಿನ ನೂರನೆಯ ಒಂದು ಭಾಗದಷ್ಟು ರೋಧವಿದೆ, ಆ ತುಣುಕಿನ ಮೂಲಕ ಬೇರೆ ಯಾವುದೋ ಭಾಗದ 50 ಮಿಲಿಆಂಪಿಯರ್ ವಿದ್ಯುತ್ತು ಏರಿಳಿಯುತ್ತಿದೆ ಎಂದಿಟ್ಟುಕೊಳ್ಳೋಣ. ಅಲ್ಲಿ ಹುಟ್ಟುವ ವೋಲ್ಟೇಜ್ ಅರ್ಧ ಮಿಲಿವೋಲ್ಟ್. ಒಂದು ವೋಲ್ಟಿನ ಹಾಡಿನ ಎದುರು ಅದು 2,000ದಲ್ಲಿ ಒಂದು ಪಾಲು, ಅಂದರೆ 66 ಡೆಸಿಬೆಲ್ ಕೆಳಗೆ (ಡೆಸಿಬೆಲ್ ಎಂಬುದು ಎರಡು ಮಟ್ಟಗಳನ್ನು ಹೋಲಿಸುವ ಅಳತೆ; ವೋಲ್ಟೇಜಿನ ಹತ್ತು ಪಟ್ಟು ಅಂತರಕ್ಕೆ 20 ಡೆಸಿಬೆಲ್). 16 ಬಿಟ್ ಧ್ವನಿಯು ತಾತ್ತ್ವಿಕವಾಗಿ ಸುಮಾರು 96 ಡೆಸಿಬೆಲ್‌ಗಳ ಅಂತರವನ್ನು ಹಿಡಿದಿಡಬಲ್ಲುದಾದ್ದರಿಂದ, ಇಷ್ಟು ಸಣ್ಣ ಸೋರಿಕೆಯೇ ಅದರಲ್ಲಿ 30 ಡೆಸಿಬೆಲ್‌ಗಳನ್ನು ನುಂಗಿಬಿಟ್ಟಿತು. ಜೋರಾದ ಹಾಡಿನಲ್ಲಿ ಇದು ಕೇಳಿಸುವುದಿಲ್ಲ. ಹಾಡು ತಗ್ಗಿದಾಗ, ರಾತ್ರಿ ಬೀದಿ ಶಾಂತವಾದಾಗ ಕೇಳಿಸುತ್ತದೆ.

ಕ್ಯಾಬಿನೆಟ್ಟಿನ ಮುಂಬದಿಯ ಜ್ಯಾಕ್ ಹಿಂಬದಿಯದಕ್ಕಿಂತ ಹೆಚ್ಚಾಗಿ ಗದ್ದಲ ಮಾಡುವುದಕ್ಕೂ ಇಲ್ಲಿಯೇ ವಿವರಣೆಯಿದೆ. ಮದರ್‌ಬೋರ್ಡಿನಿಂದ ಮುಂಬದಿಯವರೆಗೆ ಹೋಗುವ ತೆಳುವಾದ ಕೇಬಲ್ಲು ಅನೇಕ ಅಗ್ಗದ ಕ್ಯಾಬಿನೆಟ್ಟುಗಳಲ್ಲಿ ಗ್ರಾಫಿಕ್ಸ್ ಕಾರ್ಡಿನ ಪಕ್ಕದಲ್ಲೇ ಹಾದುಹೋಗುತ್ತದೆ, ಮತ್ತು ಅಲ್ಲಿ ಆಡಿಯೊ ಜ್ಯಾಕಿನ ಗ್ರೌಂಡನ್ನು ಯುಎಸ್‌ಬಿ ಪೋರ್ಟಿನ ಗ್ರೌಂಡಿನೊಂದಿಗೆ ಬೆಸೆದಿರುವುದೂ ಉಂಟು.

ಗೋಡೆಯ ಹಿಂದಿನ ಅರ್ಥಿಂಗ್

ಮೇಲೆ ಹೇಳಿದ್ದು ಪೆಟ್ಟಿಗೆಯೊಳಗಿನ ಮಾತಾಯಿತು. ಸ್ಪೀಕರನ್ನು ಬೇರೊಂದು ಪ್ಲಗ್ಗಿಗೆ ಸಿಕ್ಕಿಸಿ ಆಡಿಯೊ ಕೇಬಲ್ಲಿನಿಂದ ಕಂಪ್ಯೂಟರಿಗೆ ಜೋಡಿಸಿದ ಕೂಡಲೇ ಮನೆಯ ವೈರಿಂಗೂ ಈ ಕಥೆಯೊಳಗೆ ಬರುತ್ತದೆ. ಕಂಪ್ಯೂಟರಿಗೆ ಅರ್ಥ್ ಇದೆ, ತ್ರೀ-ಪಿನ್ ಪ್ಲಗ್ಗಿನ ಆಂಪ್ಲಿಫೈಯರಿಗೂ ಅರ್ಥ್ ಇದೆ, ಎರಡರ ನಡುವೆ ಆಡಿಯೊ ಕೇಬಲ್ಲಿನ ಹೊರತಂತಿಯೂ ಇದೆ. ಹೀಗೆ ಗೋಡೆ ಮತ್ತು ಕೇಬಲ್ಲುಗಳ ಮೂಲಕ ಒಂದು ಪೂರ್ಣ ಸುತ್ತು ಏರ್ಪಡುತ್ತದೆ. ಎರಡು ಸಾಕೆಟ್ಟುಗಳ ಅರ್ಥ್‌ಗಳ ನಡುವೆ ಕೆಲವೇ ಮಿಲಿವೋಲ್ಟುಗಳ ವ್ಯತ್ಯಾಸವಿದ್ದರೂ ಆ ಸುತ್ತಿನಲ್ಲಿ ವಿದ್ಯುತ್ತು ಹರಿಯುತ್ತದೆ. ನಮ್ಮ ದೇಶದ ವಿದ್ಯುತ್ತು 50 ಹರ್ಟ್ಸ್‌ನದಾದ್ದರಿಂದ 50 ಮತ್ತು ಅದರ ದುಪ್ಪಟ್ಟಾದ 100 ಹರ್ಟ್ಸ್‌ನ ದಪ್ಪನೆಯ ಗುಂಯ್ ಸದ್ದು ಹುಟ್ಟುತ್ತದೆ. ಇದನ್ನು ಗ್ರೌಂಡ್ ಲೂಪ್ ಎನ್ನುತ್ತಾರೆ.

ಅರ್ಥ್ ಇಲ್ಲದಿರುವುದು ಇದಕ್ಕಿಂತ ಕೆಟ್ಟದ್ದು. ಎಸ್‌ಎಂಪಿಎಸ್ಸಿನ ಒಳಗೆ ಅಡಚಣೆಯನ್ನು ಸೋಸುವುದಕ್ಕೆಂದು ಫೇಸಿನಿಂದಲೂ ನ್ಯೂಟ್ರಲ್ಲಿನಿಂದಲೂ ಲೋಹದ ಪೆಟ್ಟಿಗೆಗೆ ಒಂದೊಂದು ಸಣ್ಣ ಕೆಪಾಸಿಟರ್ ಜೋಡಿಸಿರುತ್ತಾರೆ. ಅರ್ಥ್ ಸರಿಯಿದ್ದರೆ ಅವುಗಳ ಸೋರಿಕೆ ಸದ್ದಿಲ್ಲದೆ ಭೂಮಿಗೆ ಇಳಿಯುತ್ತದೆ. ಅರ್ಥ್ ಇಲ್ಲದಿದ್ದರೆ ಪೆಟ್ಟಿಗೆಯು 230 ವೋಲ್ಟಿನ ಅರ್ಧದಷ್ಟು, ಸುಮಾರು 115 ವೋಲ್ಟಿನ ಮಟ್ಟದಲ್ಲಿ ನಿಂತುಬಿಡುತ್ತದೆ. ಹಿಂಬದಿಯ ಸ್ಕ್ರೂ ಮುಟ್ಟಿದಾಗ ಬೆರಳಿಗೆ ಜುಮ್ಮೆನ್ನುವುದು ಇದರಿಂದಲೇ. ಆ ಸೋರಿಕೆಯ ವಿದ್ಯುತ್ತು ಬೇರೆ ದಾರಿ ಕಾಣದೆ ಆಡಿಯೊ ಕೇಬಲ್ಲಿನ ಹೊರತಂತಿಯ ಮೂಲಕ ಹರಿದು ಗುಂಯ್‌ಗುಡುತ್ತದೆ. ಹಳೆಯ ಮನೆಗಳಲ್ಲಿ ಮೂರು ತೂತುಗಳ ಸಾಕೆಟ್ ಇದ್ದರೂ ಅದರ ಮೇಲಿನ ದೊಡ್ಡ ತೂತಿಗೆ ತಂತಿಯನ್ನೇ ಎಳೆದಿರುವುದಿಲ್ಲ. ಎಳೆದಿದ್ದರೂ ಇದ್ದಿಲು ಮತ್ತು ಉಪ್ಪು ಹಾಕಿ ಮಾಡಿದ ಅರ್ಥಿಂಗ್ ಗುಂಡಿಗೆ ಬೇಸಿಗೆಯಲ್ಲಿ ಯಾರೂ ನೀರು ಹಾಕದೆ ಅದು ಒಣಗಿ ಹೋಗಿರುತ್ತದೆ. ಪೆಟ್ಟಿಗೆಯನ್ನು ಮುಟ್ಟಿದಾಗ ಸದ್ದು ಬದಲಾದರೆ ಅಥವಾ ಕೈ ಜುಮ್ಮೆಂದರೆ ಆಡಿಯೊ ಅಂಗಡಿಗೆ ಹೋಗುವ ಮೊದಲು ಎಲೆಕ್ಟ್ರಿಷಿಯನ್‌ನನ್ನು ಕರೆಸುವುದು ಒಳ್ಳೆಯದು. ಸದ್ದು ನಿಲ್ಲಲೆಂದು ತ್ರೀ-ಪಿನ್ನಿನ ಅರ್ಥ್ ಪಿನ್ನನ್ನು ಕಿತ್ತುಹಾಕುವ ಸಲಹೆ ಕೆಲವರಿಂದ ಬರುವುದುಂಟು. ಅದರಿಂದ ಕೆಲವೊಮ್ಮೆ ಸದ್ದು ನಿಜವಾಗಿಯೂ ನಿಲ್ಲುತ್ತದೆ, ಆದರೆ ಒಳಗೆ ಯಾವುದಾದರೂ ತಂತಿ ಬಿಟ್ಟುಕೊಂಡು ಪೆಟ್ಟಿಗೆಗೆ ತಗುಲಿದ ದಿನ ಅದು ಪ್ರಾಣಾಂತಿಕವಾಗುತ್ತದೆ. ಆ ಕೆಲಸವನ್ನು ಯಾವ ಕಾರಣಕ್ಕೂ ಮಾಡಬಾರದು.

ಕರೆಂಟ್ ಹೋಗಿ ಇನ್ವರ್ಟರ್ ಚಾಲೂ ಆದಾಗ ಗುಂಯ್ ಸದ್ದು ಒಮ್ಮೆಲೇ ಗರಗರ ಎಂದು ಒರಟಾಗುವುದನ್ನು ಹಲವರು ಗಮನಿಸಿರಬಹುದು. ಅಗ್ಗದ ಇನ್ವರ್ಟರುಗಳು ನಯವಾದ ಸೈನ್ ತರಂಗದ ಬದಲು ಚೌಕ ತರಂಗವನ್ನು ಕೊಡುತ್ತವೆ. ಚೌಕ ತರಂಗದಲ್ಲಿ 50ರ ಜೊತೆಗೆ 150, 250, 350 ಹೀಗೆ ಬೆಸ ಗುಣಕಗಳೆಲ್ಲ ತುಂಬಿರುವುದರಿಂದ ಅದು ಕಿವಿಗೆ ಚುಚ್ಚುತ್ತದೆ. ಲೈಟಿನ ಡಿಮ್ಮರ್, ಫ್ಯಾನಿನ ಕೆಲವು ಎಲೆಕ್ಟ್ರಾನಿಕ್ ರೆಗ್ಯುಲೇಟರುಗಳು ಇದೇ ಬಗೆಯ ಗರಗರವನ್ನು ಉಂಟುಮಾಡುತ್ತವೆ.

ಸದ್ದಿನ ಸ್ವಭಾವದಿಂದ ದಾರಿಯನ್ನು ಗುರುತಿಸುವುದು

ಸದ್ದನ್ನು ಗಮನವಿಟ್ಟು ಕೇಳಿದರೆ ಅದು ಬಂದ ದಾರಿ ಬಹುಮಟ್ಟಿಗೆ ತಿಳಿಯುತ್ತದೆ. ಬದಲಾಗದೆ ಒಂದೇ ಸಮನೆ ಕೇಳುವ ದಪ್ಪ ಗುಂಯ್ ಎಂದರೆ ಗೋಡೆಯ ವಿದ್ಯುತ್ತು, ಲೂಪ್ ಅಥವಾ ಅರ್ಥ್. ಮೌಸ್ ಸರಿಸಿದಾಗ, ಪುಟ ಜರುಗಿಸಿದಾಗ, ಆಟ ತೆರೆದಾಗ ಬದಲಾಗುವ ಕೀರಲು ಎಂದರೆ ಪೆಟ್ಟಿಗೆಯೊಳಗಿನ ಗ್ರೌಂಡ್. ಯುಎಸ್‌ಬಿ ಮೈಕಿನಲ್ಲೋ ಹೊರಗಿನ ಡ್ಯಾಕಿನಲ್ಲೋ ಸ್ಥಿರವಾದ 1,000 ಅಥವಾ 8,000 ಹರ್ಟ್ಸ್‌ನ ಸಿಳ್ಳೆ ಕೇಳಿಸಿದರೆ ಅದು ಯುಎಸ್‌ಬಿಯ ಸ್ವಂತ ಲಯ, ಏಕೆಂದರೆ ಯುಎಸ್‌ಬಿ ತನ್ನ ದತ್ತಾಂಶವನ್ನು ಸೆಕೆಂಡಿಗೆ ಅಷ್ಟು ಬಾರಿ ಕಂತುಗಳಾಗಿ ಕಳಿಸುತ್ತದೆ. ಮೊಬೈಲಿಗೆ ಕರೆ ಬರುವ ಮೊದಲು ಸ್ಪೀಕರಿನಲ್ಲಿ ಟಿಕಿಟಿಕಿ ಟರ್ರ್ ಎನ್ನುವುದು ಎರಡನೆಯ ತಲೆಮಾರಿನ ಜಿಎಸ್‌ಎಂ ಸಂಕೇತದ್ದು. ಅದರ ಸ್ಪಂದನಗಳು ಸೆಕೆಂಡಿಗೆ ಸುಮಾರು 217 ಬಾರಿ ಬರುವುದರಿಂದ ಅದು ಕೇಳಿಸುತ್ತದೆ. ಗಾಳಿಯ ಮೂಲಕವೇ ಬರುವ ಅಡಚಣೆಗೆ ಇದೊಂದು ಅಚ್ಚುಕಟ್ಟಾದ ಉದಾಹರಣೆ, ಮೊಬೈಲನ್ನು ದೂರ ಇಟ್ಟರೆ ನಿಲ್ಲುತ್ತದೆ. ಬರಿಯ ಹಿಸ್ಸ್ ಎಂಬ ಸದ್ದು ಅಡಚಣೆಯಲ್ಲ, ಅದು ಆಂಪ್ಲಿಫೈಯರಿನ ಸ್ವಂತ ಗದ್ದಲ.

ಇನ್ನೊಂದು ಪರೀಕ್ಷೆ ಅಗತ್ಯ. ಹೆಡ್‌ಫೋನ್ ಕಿತ್ತ ಮೇಲೂ ಕೀರಲು ಪೆಟ್ಟಿಗೆಯೊಳಗಿಂದ ಬರುತ್ತಿದ್ದರೆ, ಅದು ಗ್ರಾಫಿಕ್ಸ್ ಕಾರ್ಡಿನ ಅಥವಾ ಎಸ್‌ಎಂಪಿಎಸ್ಸಿನ ಸುರುಳಿಗಳು ಭೌತಿಕವಾಗಿ ನಡುಗುವ ಸದ್ದು. ಅದಕ್ಕೂ ಧ್ವನಿಯ ಮಂಡಲಕ್ಕೂ ಸಂಬಂಧವಿಲ್ಲ, ಈ ಲೇಖನದ ಪರಿಹಾರಗಳು ಅದಕ್ಕೆ ಅನ್ವಯಿಸುವುದಿಲ್ಲ.

ಪರಿಹಾರ, ಖರ್ಚಿಲ್ಲದ್ದು ಮೊದಲು

ಎಲ್ಲಕ್ಕಿಂತ ಮೊದಲು ಮಾಡಬೇಕಾದದ್ದು ವಾಲ್ಯೂಮಿನ ಹೊಂದಾಣಿಕೆ. ಕಂಪ್ಯೂಟರಿನಲ್ಲಿ ವಾಲ್ಯೂಮನ್ನು 20ಕ್ಕೆ ಇಳಿಸಿ ಸ್ಪೀಕರಿನ ಗುಂಡಿಯನ್ನು ಪೂರ್ತಿ ತಿರುಗಿಸಿಡುವ ಅಭ್ಯಾಸ ಬಹಳ ಜನರಿಗಿದೆ. ಡ್ಯಾಕಿನ ನಂತರ ಸೇರುವ ಗದ್ದಲವು ಕಂಪ್ಯೂಟರಿನ ವಾಲ್ಯೂಮಿಗೆ ತಕ್ಕಂತೆ ಇಳಿಯುವುದಿಲ್ಲವಾದ್ದರಿಂದ, ಹೀಗೆ ಮಾಡಿದಾಗ ಹಾಡು ಕುಗ್ಗಿ ಗದ್ದಲ ಮಾತ್ರ ಪೂರ್ತಿಯಾಗಿ ಹಿಗ್ಗುತ್ತದೆ. ಕಂಪ್ಯೂಟರಿನಲ್ಲಿ 80ರಿಂದ 100ರವರೆಗೆ ಇಟ್ಟು ಸ್ಪೀಕರಿನಲ್ಲಿ ತಗ್ಗಿಸಿದರೆ ಅರ್ಧ ದೂರುಗಳು ಅಲ್ಲಿಯೇ ಮುಗಿಯುತ್ತವೆ ಎಂಬುದು ನನ್ನ ಅಂದಾಜು. ಆಮೇಲೆ ಹೆಡ್‌ಫೋನನ್ನು ಮುಂಬದಿಯ ಬದಲು ಹಿಂಬದಿಯ ಜ್ಯಾಕಿಗೆ ಸಿಕ್ಕಿಸಬೇಕು. ಕಂಪ್ಯೂಟರ್, ಮಾನಿಟರ್, ಸ್ಪೀಕರ್ ಮೂರನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ತರಬೇಕು, ಆಗ ಅರ್ಥ್‌ಗಳ ನಡುವಿನ ವ್ಯತ್ಯಾಸ ಬಹುಪಾಲು ಅಳಿಯುತ್ತದೆ. ಆಡಿಯೊ ಕೇಬಲ್ಲನ್ನು ಪವರ್ ಕೇಬಲ್ಲುಗಳ ಜೊತೆ ಸುತ್ತಿ ಕಟ್ಟಬಾರದು.

ಇಷ್ಟಾದರೂ ಲೂಪಿನ ಗುಂಯ್ ಉಳಿದರೆ ಆಡಿಯೊ ಕೇಬಲ್ಲಿನ ನಡುವೆ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಹಾಕಬಹುದು. ಅದು ಧ್ವನಿಯನ್ನು ಕಾಂತಕ್ಷೇತ್ರದ ಮೂಲಕ ದಾಟಿಸಿ ತಾಮ್ರದ ಸಂಪರ್ಕವನ್ನು ಕಡಿಯುತ್ತದೆ. ಮದರ್‌ಬೋರ್ಡಿನಲ್ಲೂ ಆಂಪ್ಲಿಫೈಯರಿನಲ್ಲೂ ಆಪ್ಟಿಕಲ್ ಪೋರ್ಟ್ ಇದ್ದರೆ ಇನ್ನೂ ಒಳ್ಳೆಯದು, ಏಕೆಂದರೆ ಬೆಳಕಿನ ಎಳೆಯಲ್ಲಿ ಗ್ರೌಂಡ್ ಎಂಬುದೇ ಇಲ್ಲ. ಪೆಟ್ಟಿಗೆಯೊಳಗಿನ ಕೀರಲಿಗೆ ನೇರ ಪರಿಹಾರವೆಂದರೆ ಡ್ಯಾಕನ್ನೇ ಪೆಟ್ಟಿಗೆಯಿಂದ ಹೊರಗೆ ತರುವುದು, ಅಂದರೆ ಯುಎಸ್‌ಬಿ ಡ್ಯಾಕ್. ಧ್ವನಿಯು ಗದ್ದಲದ ಜಾಗವನ್ನು ಸಂಖ್ಯೆಯ ರೂಪದಲ್ಲೇ ದಾಟಿ ಹೊರಗೆ ಬಂದ ಮೇಲೆ ವೋಲ್ಟೇಜ್ ಆಗುತ್ತದೆ. ಅದಕ್ಕೂ ಯುಎಸ್‌ಬಿಯ 5 ವೋಲ್ಟ್ ಮತ್ತು ಗ್ರೌಂಡ್ ಕಂಪ್ಯೂಟರಿನಿಂದಲೇ ಬರುವುದರಿಂದ ಗ್ರೌಂಡ್ ಲೂಪಿಗೆ ಇದು ಮದ್ದಲ್ಲ, ಮತ್ತು ಪೆಟ್ಟಿಗೆಯೊಳಗೇ ಸಿಕ್ಕಿಸುವ ಸೌಂಡ್ ಕಾರ್ಡಿಗೆ ಈ ಪ್ರಯೋಜನ ಪೂರ್ತಿಯಾಗಿ ಸಿಗುವುದಿಲ್ಲ.

ಚಿನ್ನದ ಲೇಪದ ದುಬಾರಿ ಕೇಬಲ್ಲುಗಳಿಂದ ಈ ಯಾವ ತೊಂದರೆಯೂ ನೀಗುವುದಿಲ್ಲ. ಕೇಬಲ್ಲಿನ ತಾಮ್ರದ ಹೆಣಿಗೆ ವಿದ್ಯುತ್ ಕ್ಷೇತ್ರವನ್ನು ತಡೆಯುತ್ತದೆ, 50 ಹರ್ಟ್ಸ್‌ನ ಕಾಂತಕ್ಷೇತ್ರವನ್ನು ಹೆಚ್ಚುಕಡಿಮೆ ತಡೆಯುವುದೇ ಇಲ್ಲ; ಕೇಬಲ್ಲಿಗೆ ಕಚ್ಚಿಸುವ ಫೆರೈಟ್ ಉಂಡೆಗಳೂ ಲಕ್ಷಾಂತರ ಹರ್ಟ್ಸ್‌ನ ಮೇಲೆ ಕೆಲಸ ಮಾಡುವಂಥವೇ ಹೊರತು ಗುಂಯ್ ಸದ್ದಿನ ಮೇಲಲ್ಲ.

ಮೈಕ್ ಬಳಸುವವರಿಗೆ

ಧ್ವನಿಮುದ್ರಣದಲ್ಲಿ ತೊಂದರೆ ಹಲವು ಪಟ್ಟು ಹೆಚ್ಚು. ಮೈಕಿನಿಂದ ಬರುವ ವೋಲ್ಟೇಜ್ ಕೆಲವೇ ಮಿಲಿವೋಲ್ಟುಗಳಷ್ಟು. ಮೇಲಿನ ಲೆಕ್ಕದ ಅದೇ ಅರ್ಧ ಮಿಲಿವೋಲ್ಟ್ ಗದ್ದಲ 5 ಮಿಲಿವೋಲ್ಟಿನ ಮಾತಿನ ಎದುರು ಹತ್ತನೆಯ ಒಂದು ಪಾಲಾಗುತ್ತದೆ, ಬರಿಯ 20 ಡೆಸಿಬೆಲ್ ಅಂತರ. ವಿಂಡೋಸಿನಲ್ಲಿ ಮೈಕ್ ಬೂಸ್ಟ್ ಏರಿಸಿದರೆ ಎರಡೂ ಒಟ್ಟಿಗೆ ಏರುತ್ತವೆ, ಅಂತರ ಹಾಗೆಯೇ ಉಳಿಯುತ್ತದೆ. ಆದ್ದರಿಂದ ಗುಲಾಬಿ ಬಣ್ಣದ ಮೈಕ್ ಜ್ಯಾಕನ್ನು ಬಿಟ್ಟು ಯುಎಸ್‌ಬಿ ಮೈಕ್ ಅಥವಾ ಹೊರಗಿನ ಆಡಿಯೊ ಇಂಟರ್‌ಫೇಸ್ (ಮೈಕಿನ ವೋಲ್ಟೇಜನ್ನು ಸಂಖ್ಯೆಗಳಾಗಿಸಿ ಕಂಪ್ಯೂಟರಿಗೆ ಕಳಿಸುವ ಸಣ್ಣ ಪೆಟ್ಟಿಗೆ) ಬಳಸುವುದು ಹೆಚ್ಚು ಫಲಕಾರಿ. ಇಂಟರ್‌ಫೇಸಿಗೆ ಎಕ್ಸ್‌ಎಲ್‌ಆರ್ ಎಂಬ ಮೂರು ಪಿನ್ನಿನ ಮೈಕ್ ಕೇಬಲ್ಲಿನಲ್ಲಿ ಬರುವ ಧ್ವನಿಯು ಎರಡು ತಂತಿಗಳಲ್ಲಿ ಒಂದಕ್ಕೊಂದು ವಿರುದ್ಧವಾಗಿ ಬರುತ್ತದೆ; ದಾರಿಯಲ್ಲಿ ಎರಡಕ್ಕೂ ಸಮನಾಗಿ ಸೇರಿದ ಗದ್ದಲವು ಕೊನೆಯಲ್ಲಿ ಒಂದರಿಂದ ಇನ್ನೊಂದನ್ನು ಕಳೆದಾಗ ಅಳಿದುಹೋಗುತ್ತದೆ.

ಗದ್ದಲವನ್ನು ಆಮೇಲೆ ತಂತ್ರಾಂಶದಿಂದ ತೆಗೆಯಬಹುದಲ್ಲ ಎಂಬ ಭರವಸೆ ಮಾತಿನ ಮಟ್ಟಿಗೆ ಸುಮಾರಾಗಿ ನಿಜ. ಸಂಗೀತದಲ್ಲಿ, ಅದರಲ್ಲೂ ವೀಣೆಯಂಥ ವಾದ್ಯದಲ್ಲಿ, ಮೀಟಿದ ಸ್ವರ ನಿಧಾನವಾಗಿ ಕ್ಷೀಣಿಸುತ್ತಾ ಗದ್ದಲದ ಮಟ್ಟಕ್ಕೇ ಇಳಿಯುತ್ತದೆ; ಅಲ್ಲಿ ತಂತ್ರಾಂಶಕ್ಕೆ ಎರಡನ್ನೂ ಬಿಡಿಸಲು ಬಾರದೆ ಗಮಕದ ಕೊನೆಯನ್ನೇ ಕತ್ತರಿಸುತ್ತದೆ. 100 ಹರ್ಟ್ಸ್ ಆಸುಪಾಸನ್ನು ಸೋಸಿ ತೆಗೆದರೆ ಮಂದ್ರಸ್ಥಾಯಿಯ ಸ್ವರಗಳಿಗೂ ಪೆಟ್ಟು ಬೀಳುತ್ತದೆ.

ಬ್ಲೂಟೂತ್ ಹೆಡ್‌ಫೋನಿನಲ್ಲಿ

ತಂತಿಯಿಲ್ಲದ ಹೆಡ್‌ಫೋನಿಗೆ ಧ್ವನಿ ಸಂಖ್ಯೆಗಳಾಗಿಯೇ ಹೋಗುವುದರಿಂದ ಅದರಲ್ಲಿ ಗುಂಯ್ ಆಗಲಿ ಕೀರಲಾಗಲಿ ಸೇರುವುದಿಲ್ಲ. ಅಲ್ಲಿ ಅಡಚಣೆ ಬೇರೆ ರೂಪದಲ್ಲಿ ಕಾಣಿಸುತ್ತದೆ: ಹಾಡು ತುಂಡುತುಂಡಾಗುತ್ತದೆ. ಯುಎಸ್‌ಬಿ 3.0 ಪೋರ್ಟುಗಳು ಮತ್ತು ಅವಕ್ಕೆ ಜೋಡಿಸಿದ ಹಾರ್ಡ್ ಡಿಸ್ಕುಗಳು, ಬ್ಲೂಟೂತ್ ಬಳಸುವ 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿಯೇ ಗದ್ದಲ ಹೊರಸೂಸುತ್ತವೆ ಎಂಬುದನ್ನು ಇಂಟೆಲ್ ಕಂಪನಿಯೇ 2012ರಲ್ಲಿ ಪ್ರಕಟಿಸಿದೆ. ಬ್ಲೂಟೂತ್ ಡಾಂಗಲ್ಲನ್ನು ನೀಲಿ ಬಣ್ಣದ ಯುಎಸ್‌ಬಿ ಪೋರ್ಟಿನ ಪಕ್ಕದಲ್ಲಿ ಸಿಕ್ಕಿಸುವ ಬದಲು ಯುಎಸ್‌ಬಿ ಎಕ್ಸ್‌ಟೆನ್ಷನ್ ಕೇಬಲ್ಲಿನ ಮೂಲಕ ಮೇಜಿನ ಮೇಲಕ್ಕೆ, ಪೆಟ್ಟಿಗೆಯಿಂದ ಒಂದೆರಡು ಅಡಿ ಆಚೆಗೆ ತಂದರೆ ಸಾಕಾಗುತ್ತದೆ.